ಕಣ್ಣು ಬಂದದ್ದೋ, ಕಣ್ಣಿಗೆ ಬಡಿದದ್ದೋ?



ಕಣ್ಣು ಕೆಂಪಾದರೆ ಸೊಲ್ಲಾಪುರ, ಅಕ್ಕಲಕೋಟದ ಕಡೆ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಕಣ್ಣ ಬಂದಾವ." ಪಕ್ಕದ ಮನೆಯ ಮರಾಠಿಯವರೂ "ಡೋಳೆ ಆಲೇತ" ಎಂದೇ ಹೇಳುತ್ತಾರೆ. ಎರಡು ಭಾಷೆಯವರೂ ಹೀಗೆ ಒಂದೇ ಮಾತಿನಲ್ಲಿ ಹೇಳುವಷ್ಟು ಇದು ಎಲ್ಲರಿಗೂ ಗೊತ್ತಿರುವ ಬೇನೆ. ಗೊತ್ತಿರುವ ಬೇನೆ ಎಂಬ ಧೈರ್ಯದಿಂದಲೇ ಎಷ್ಟೋ ರೈತರು ಕಣ್ಣು ಕಳೆದುಕೊಳ್ಳುತ್ತಾರೆ. ಆದ್ದರಿಂದ ಈ ಸಲ ಕೆಂಗಣ್ಣಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ತಿಳಿದುಕೊಳ್ಳೋಣ.

ಎರಡು ಮನೆಗಳ ಸಂಗತಿ ನೆನೆಸಿಕೊಳ್ಳಿ. ಮೊದಲನೆಯದು ಶ್ರಾವಣದ ಮಳೆಗಾಲ. ಶಾಲೆಗೆ ಹೋಗುವ ಹುಡುಗ ಮುಂಜಾನೆ ಏಳುವಾಗ ಕಣ್ಣು ಅಂಟಿಕೊಂಡಿವೆ. ನೀರು ಸೋರುತ್ತದೆ, ಕಣ್ಣಲ್ಲಿ ಉಸುಕು ಬಿದ್ದ ಹಾಗೆ ಚುಚ್ಚುತ್ತದೆ. ಮೂರು ದಿನದಲ್ಲಿ ತಂಗಿಗೆ, ಆಮೇಲೆ ತಾಯಿಗೆ, ಕೊನೆಗೆ ಅಜ್ಜಿಗೆ ಬರುತ್ತದೆ.

ಎರಡನೆಯದು ಮಾಘ ಮಾಸ. ಬಿಳಿಜೋಳ ಕೀಳುವ, ಕಬ್ಬು ಕಡಿಯುವ ಹಂಗಾಮು. ಮನೆಯ ಯಜಮಾನನ ಕಣ್ಣಿಗೆ ಒಣಗಿದ ಗರಿ ಬಡಿಯುತ್ತದೆ. ಒಂದು ಗಳಿಗೆ ಉರಿಯುತ್ತದೆ, ಆತ ತಲೆಗೆ ಸುತ್ತಿದ ಟವೆಲ್‌ನಿಂದ ಉಜ್ಜಿಕೊಂಡು ಕೆಲಸ ಮುಂದುವರಿಸುತ್ತಾನೆ. ಮರುದಿನ ಕಣ್ಣು ಕೆಂಪಾಗುತ್ತದೆ.

ಇಬ್ಬರ ಕಣ್ಣೂ ಕೆಂಪೇ. ಇಬ್ಬರ ಮನೆಯವರೂ ಹೋಗುವುದು ಒಂದೇ ಮೆಡಿಕಲ್ ಅಂಗಡಿಗೆ. ಹೇಳುವುದೂ ಒಂದೇ ಮಾತು: "ಕಣ್ಣ ಬಂದಾವ್ರೀ, ಡ್ರಾಪ್ಸ್ ಕೊಡ್ರಿ." ಸಿಗುವುದೂ ಒಂದೇ ಸೀಸೆ. ಹುಡುಗನ ಕಣ್ಣು ಹತ್ತು ದಿನಗಳಲ್ಲಿ ಗುಣವಾಗುತ್ತದೆ. ಆ ಸೀಸೆ ಇಲ್ಲದಿದ್ದರೂ ಗುಣವಾಗುತ್ತಿತ್ತು. ಯಜಮಾನನ ಕಣ್ಣಿನ ಕರಿಗುಡ್ಡೆಯ ಮೇಲೆ ಮಾತ್ರ ಹತ್ತನೆಯ ದಿನಕ್ಕೆ ಬಿಳಿ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಆಗ ದೊಡ್ಡ ದವಾಖಾನೆಗೆ ಓಡಿದರೆ ಡಾಕ್ಟರರು ಕೇಳುವ ಮೊದಲ ಪ್ರಶ್ನೆ: "ಇಷ್ಟು ದಿನ ಏನು ಮಾಡುತ್ತಿದ್ದಿರಿ?"

ಹುಡುಗನದು ಕಣ್ಣು ಬಂದದ್ದು. ಯಜಮಾನನದು ಕಣ್ಣಿಗೆ ಬಡಿದದ್ದು. ಈ ಎರಡರ ವ್ಯತ್ಯಾಸ ಪ್ರತಿ ರೈತ ಕುಟುಂಬಕ್ಕೂ ತಿಳಿದಿರಬೇಕು.

ಕಣ್ಣು ಬರುವುದು ಎಂದರೇನು?

ಕಣ್ಣಿನ ಬಿಳಿ ಭಾಗದ ಮೇಲೆ ಮತ್ತು ರೆಪ್ಪೆಗಳ ಒಳಮೈಗೆ ಒಂದು ತೆಳು ಪೊರೆ ಹೊದ್ದುಕೊಂಡಿದೆ. ಈ ಪೊರೆಗೆ ಸೋಂಕು ತಗುಲಿ ಊದಿಕೊಂಡಾಗ ಅದರ ರಕ್ತನಾಳಗಳು ಹಿಗ್ಗಿ ಕಣ್ಣು ಕೆಂಪಾಗುತ್ತದೆ. ಇದೇ ಕಣ್ಣುಬೇನೆ. ಬೆಂಗಳೂರು, ಮೈಸೂರಿನ ಕಡೆ ಇದಕ್ಕೆ 'ಮದ್ರಾಸ್ ಐ' ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ.

1. ವೈರಸ್‌ನಿಂದ ಬರುವುದು. ಮಳೆಗಾಲದಲ್ಲಿ ಊರಿಗೆ ಊರೇ ಹಿಡಿಯುವುದು ಸಾಮಾನ್ಯವಾಗಿ ಇದೇ. ಮೊದಲು ಒಂದು ಕಣ್ಣು, ಒಂದೆರಡು ದಿನದಲ್ಲಿ ಇನ್ನೊಂದು. ನೀರು ಹೆಚ್ಚು, ಗೀಜು ಕಡಿಮೆ. ಕೆಲವರಿಗೆ ಗಂಟಲು ನೋವು, ಸಣ್ಣ ಜ್ವರ, ಕಿವಿಯ ಮುಂದೆ ಸಣ್ಣ ಗಂಟು ಕಾಣಿಸುತ್ತದೆ. ಒಂದರಿಂದ ಎರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಕೆಲವರಿಗೆ ಮೂರು ವಾರ ಹಿಡಿಯುವುದೂ ಉಂಟು.

2. ಬ್ಯಾಕ್ಟೀರಿಯಾದಿಂದ ಬರುವುದು. ಹಳದಿ ಅಥವಾ ಹಸಿರು ಬಣ್ಣದ ದಪ್ಪ ಗೀಜು ಕಟ್ಟುತ್ತದೆ. ಮುಂಜಾನೆ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಮಕ್ಕಳಲ್ಲಿ ಹೆಚ್ಚು. ಇದೂ ಬಹುಮಟ್ಟಿಗೆ ವಾರದಲ್ಲಿ ಇಳಿಯುತ್ತದೆ. ಡಾಕ್ಟರರು ಬರೆದುಕೊಡುವ ಆಂಟಿಬಯಾಟಿಕ್ ಡ್ರಾಪ್ಸ್‌ನಿಂದ ಬೇಗ ಗುಣವಾಗುತ್ತದೆ.

3. ಅಲರ್ಜಿಯಿಂದ ಬರುವುದು. ಧೂಳು, ಹೂವಿನ ಪರಾಗ, ರಾಶಿಯ ಹೊಟ್ಟು ಇದಕ್ಕೆ ಕಾರಣ. ಎರಡೂ ಕಣ್ಣು ವಿಪರೀತ ತುರಿಸುತ್ತವೆ. ಇದು ಅಂಟುರೋಗವಲ್ಲ, ಒಬ್ಬರಿಂದ ಒಬ್ಬರಿಗೆ ಹರಡದು.

2023ರ ಮಳೆಗಾಲ ಕಲಿಸಿದ್ದು

2023ರ ಜುಲೈ ತಿಂಗಳಲ್ಲಿ ಪುಣೆ ಹತ್ತಿರದ ಆಳಂದಿಯಲ್ಲಿ ಶಾಲಾ ಮಕ್ಕಳ ಕಣ್ಣುಗಳು ಕೆಂಪಾಗತೊಡಗಿದವು. ಕೆಲವೇ ದಿನಗಳಲ್ಲಿ ಬೇನೆ ಆ ಊರು ದಾಟಿ ಮಹಾರಾಷ್ಟ್ರದ ಜಿಲ್ಲೆ ಜಿಲ್ಲೆಗೂ ಹರಡಿತು. ಆಗಸ್ಟ್ ಹೊತ್ತಿಗೆ ರಾಜ್ಯದಲ್ಲಿ ರೋಗಿಗಳ ಲೆಕ್ಕ ಲಕ್ಷಗಳನ್ನು ಮುಟ್ಟಿತ್ತು. ಆ ವರ್ಷ ಕರ್ನಾಟಕದಲ್ಲೂ ಕಣ್ಣುಬೇನೆ ಜೋರಾಗಿಯೇ ಇತ್ತು.

ಇಂಥ ಅಲೆ ಹೊಸದಲ್ಲ. 1969ರಲ್ಲಿ ಆಫ್ರಿಕಾದ ಘಾನಾ ದೇಶದಲ್ಲಿ ರಕ್ತ ಇಳಿದಂತೆ ಕಣ್ಣು ಕೆಂಪಾಗುವ ಬೇನೆ ಕಾಣಿಸಿಕೊಂಡಿತು. ಅದೇ ವರ್ಷ ಅಪೋಲೋ ನೌಕೆಯಲ್ಲಿ ಹೋದವರು ಚಂದ್ರನ ಮೇಲೆ ಇಳಿದಿದ್ದರಿಂದ ಅಲ್ಲಿನ ಜನ ಅದನ್ನು 'ಅಪೋಲೋ ರೋಗ' ಎಂದೇ ಕರೆದರು. 1971ರಲ್ಲಿ ಅದು ಭಾರತಕ್ಕೂ ಬಂತು. ಬಾಂಗ್ಲಾ ಯುದ್ಧದ ವರ್ಷವಾದ್ದರಿಂದ ಕಲ್ಕತ್ತೆಯ ಕಡೆ ಅದಕ್ಕೆ 'ಜೊಯ್ ಬಾಂಗ್ಲಾ' ಎಂಬ ಹೆಸರು ಬಿತ್ತು. ಹೆಸರು ಏನೇ ಇರಲಿ, ಪ್ರತಿ ಸಲವೂ ಅದು ಹರಡಿದ್ದು ಒಂದೇ ದಾರಿಯಲ್ಲಿ, ಮನುಷ್ಯರ ಕೈಗಳ ಮೂಲಕ.

ಕಣ್ಣು ಬಂದವರನ್ನು ನೋಡಿದರೆ ನಮಗೂ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಇದು ಸರಿಯಲ್ಲ. ಬೇನೆ ದೃಷ್ಟಿಯಿಂದ ದಾಟುವುದಿಲ್ಲ. ರೋಗಿ ಕಣ್ಣು ಒರೆಸಿಕೊಂಡ ಕೈಯಿಂದ ಬಾಗಿಲ ಚಿಲಕ, ಮೊಬೈಲ್, ತಂಬಿಗೆ, ಎಸ್.ಟಿ. ಬಸ್ಸಿನ ಕಂಬಿ ಮುಟ್ಟುತ್ತಾನೆ. ಅದೇ ಜಾಗ ಮುಟ್ಟಿದ ಇನ್ನೊಬ್ಬರು ತಮ್ಮ ಕಣ್ಣು ಉಜ್ಜಿಕೊಳ್ಳುತ್ತಾರೆ. ಕೆಲವು ವೈರಸ್‌ಗಳು ಒಣಗಿದ ಜಾಗದ ಮೇಲೂ ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಮನೆಮಂದಿಗೆಲ್ಲ ಒಂದೇ ಟವೆಲ್, ಒಂದೇ ದಿಂಬು, ಒಂದೇ ಕಾಡಿಗೆ ಡಬ್ಬಿ ಇರುವ ಮನೆಯಲ್ಲಿ ಒಬ್ಬರಿಗೆ ಬಂದದ್ದು ಎಲ್ಲರಿಗೂ ಬರದೆ ಇರದು. ಪಂಢರಪುರ, ಅಕ್ಕಲಕೋಟ, ಗಾಣಗಾಪುರದಂಥ ಯಾತ್ರೆಯ ಊರುಗಳು, ಶಾಲೆಗಳು, ವಸತಿಗೃಹಗಳು, ಸಂತೆಗಳು ಜನ ಸೇರುವ ಜಾಗಗಳು. ಅಲ್ಲಿಗೆ ಹೋಗಿ ಬಂದ ಮೇಲೆ ಕೈ ತೊಳೆಯುವುದು ಮೊದಲ ಕೆಲಸವಾಗಲಿ.

ಮನೆಯಲ್ಲಿ ಮಾಡಬೇಕಾದ ಉಪಚಾರ

ವೈರಸ್‌ನಿಂದ ಬಂದ ಕಣ್ಣುಬೇನೆಗೆ ಆಂಟಿಬಯಾಟಿಕ್ ಔಷಧಿ ನಾಟುವುದಿಲ್ಲ. ಅದಕ್ಕೆ ಬೇಕಾದದ್ದು ಶುಚಿತ್ವ ಮತ್ತು ತಾಳ್ಮೆ.

1. ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಮುಚ್ಚಿ ಆರಿಸಿ. ಸ್ವಚ್ಛ ಹತ್ತಿ ಅಥವಾ ತೊಳೆದು ಬಿಸಿಲಲ್ಲಿ ಒಣಗಿಸಿದ ಮೆತ್ತನೆಯ ಬಟ್ಟೆಯ ತುಂಡನ್ನು ಆ ನೀರಲ್ಲಿ ಅದ್ದಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಒರೆಸಿ. ಒಮ್ಮೆ ಒರೆಸಿದ ತುಂಡನ್ನು ಮತ್ತೆ ಬಳಸಬೇಡಿ. ಎರಡು ಕಣ್ಣಿಗೂ ಬೇರೆ ಬೇರೆ ತುಂಡು ಇರಲಿ.

2. ಉರಿ, ಊತ ಇದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ಹತ್ತು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಬಹುದು.

3. ರೋಗಿಯ ಕಣ್ಣು ಮುಟ್ಟಿದ ಪ್ರತಿ ಸಲವೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಿರಿ. ರೋಗಿಯೂ ತೊಳೆಯಲಿ, ಉಪಚಾರ ಮಾಡುವವರೂ ತೊಳೆಯಲಿ.

4. ರೋಗಿಯ ಟವೆಲ್, ದಿಂಬಿನ ಚೀಲ, ಕರವಸ್ತ್ರ ಬೇರೆ ಇಡಿ. ದಿನವೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

5. ಕಣ್ಣಿಗೆ ಪಟ್ಟಿ ಕಟ್ಟಬೇಡಿ. ಕಟ್ಟಿದರೆ ಗೀಜು ಒಳಗೇ ನಿಂತು ಸೋಂಕು ಹೆಚ್ಚುತ್ತದೆ. ಕಾಡಿಗೆ ಹಚ್ಚಬೇಡಿ.

6. ಕಣ್ಣಲ್ಲಿ ನೀರು, ಗೀಜು ನಿಲ್ಲುವ ತನಕ ಮಕ್ಕಳನ್ನು ಶಾಲೆಗೆ ಕಳಿಸಬೇಡಿ. ದೊಡ್ಡವರೂ ಸಂತೆ, ಮದುವೆ, ಭಾನುವಾರದ ಪೂಜೆಯಂಥ ಜನ ಸೇರುವ ಕಡೆ ಹೋಗದೆ ಮನೆಯಲ್ಲಿರುವುದು ಒಳ್ಳೆಯದು.

7. ಡಾಕ್ಟರರು ಡ್ರಾಪ್ಸ್ ಬರೆದುಕೊಟ್ಟಿದ್ದರೆ ಹಾಕುವ ಕ್ರಮ ಹೀಗೆ: ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಕೆಳಗೆ ಎಳೆದು ಅಲ್ಲಿ ಒಂದೇ ಹನಿ ಬಿಡಿ. ಸೀಸೆಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಕೂಡದು. ಆಮೇಲೆ ಎರಡು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಒಬ್ಬರ ಸೀಸೆ ಇನ್ನೊಬ್ಬರಿಗೆ ಬೇಡ. ತೆರೆದು ಒಂದು ತಿಂಗಳಾದ ಸೀಸೆ ಎಸೆದುಬಿಡಿ.

ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ಉಳ್ಳಾಗಡ್ಡಿ ರಸ, ಸೊಪ್ಪಿನ ರಸ ಹಾಕುವ ಪದ್ಧತಿ ಹಲವು ಮನೆಗಳಲ್ಲಿದೆ. ಹಿರಿಯರು ಪ್ರೀತಿಯಿಂದಲೇ ಹಾಕುತ್ತಾರೆ, ಸಂದೇಹವಿಲ್ಲ. ಆದರೆ ಇವು ಯಾವುವೂ ರೋಗಾಣು ಇಲ್ಲದಂತೆ ಶುದ್ಧ ಮಾಡಿದ ವಸ್ತುಗಳಲ್ಲ. ಬೇನೆಬಿದ್ದ ಕಣ್ಣಿಗೆ ಹೊಸ ರೋಗಾಣುಗಳನ್ನು ನಾವೇ ಹಾಕಿದಂತಾಗುತ್ತದೆ.

ಇನ್ನೊಂದು ಮಾತು ತಾಯಂದಿರಿಗೆ. ಹುಟ್ಟಿದ ಒಂದು ತಿಂಗಳೊಳಗಿನ ಕೂಸಿನ ಕಣ್ಣು ಊದಿ ಕೀವು ಬಂದರೆ ಮನೆಯಲ್ಲಿ ಒಂದು ದಿನವೂ ಕಾಯಬೇಡಿ. ಅದು ಹೆರಿಗೆಯ ಹೊತ್ತಿನಲ್ಲಿ ತಗುಲಿದ ಸೋಂಕಾಗಿರಬಹುದು. ಅದು ಕೆಲವೇ ದಿನಗಳಲ್ಲಿ ಕೂಸಿನ ಕಣ್ಣು ಹಾಳುಮಾಡಬಲ್ಲದು.

ಸುಗ್ಗಿಯ ಕಾಲದ ಕೆಂಗಣ್ಣು

ಈಗ ಎರಡನೆಯ ಮನೆಯ ಯಜಮಾನನ ವಿಚಾರಕ್ಕೆ ಬರೋಣ. ಕಣ್ಣಿನ ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂಥ ಒಂದು ಪೊರೆ ಇದೆ. ಇದಕ್ಕೆ ಕಾರ್ನಿಯಾ ಎನ್ನುತ್ತಾರೆ. ನಡುವೆ ಇದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಇದರೊಳಗೆ ರಕ್ತನಾಳಗಳಿಲ್ಲ. ಅದಕ್ಕೇ ಅದು ತಿಳಿಯಾಗಿದೆ. ಬೆಳಕು ಒಳಗೆ ಹೋಗುವುದು ಇದರ ಮೂಲಕವೇ. ಇದರ ಮೇಲೆ ಗೀರು ಬಿದ್ದರೆ ಹೊರಗಿನ ರೋಗಾಣುಗಳಿಗೆ ಬಾಗಿಲು ತೆರೆದ ಹಾಗೆ.

ಸೊಲ್ಲಾಪುರ ಸೀಮೆಯ ಒಕ್ಕಲುತನದಲ್ಲಿ ಈ ಗೀರು ಬೀಳುವ ಸಂದರ್ಭಗಳು ಒಂದೆರಡಲ್ಲ. ಕಬ್ಬಿನ ಗರಿಯ ಅಂಚು ಗರಗಸದಂತೆ ಇರುತ್ತದೆ. ರವದಿ ಸುಲಿಯುವಾಗ, ಕಬ್ಬು ಹೊರುವಾಗ ಅದು ನೇರ ಕಣ್ಣಿಗೇ ಬರುತ್ತದೆ. ಬಿಳಿಜೋಳದ ಕಣಕಿ ಕಟ್ಟುವಾಗ, ತೊಗರಿ ಬಡಿಯುವಾಗ, ರಾಶಿ ಮಷಿನ್ನಿನ ಮುಂದೆ ನಿಂತಾಗ ಹೊಟ್ಟು, ಕಡ್ಡಿ ಸಿಡಿಯುತ್ತವೆ. ಹಾಲು ಕರೆಯುವಾಗ ಎಮ್ಮೆ ಬೀಸಿದ ಬಾಲವೂ ಸಾಕು. ಒಣ ಗರಿ, ಕಡ್ಡಿ, ಮಣ್ಣಿನಲ್ಲಿ ಶಿಲೀಂಧ್ರ, ಅಂದರೆ ಬೂಷ್ಟು, ಸದಾ ಇರುತ್ತದೆ. ಗೀರು ಬಿದ್ದ ಜಾಗದಲ್ಲಿ ಅದು ಬೇರೂರಿದರೆ ಕಾರ್ನಿಯಾದ ಮೇಲೆ ಹುಣ್ಣಾಗುತ್ತದೆ.

1994ರ ಮೊದಲ ಮೂರು ತಿಂಗಳಲ್ಲಿ ತಮಿಳುನಾಡಿನ ಮದುರೈ ಕಣ್ಣಾಸ್ಪತ್ರೆಗೆ ಕಾರ್ನಿಯಾದ ಹುಣ್ಣಿನಿಂದ ಬಂದ 434 ರೋಗಿಗಳನ್ನು ವೈದ್ಯರು ಪರೀಕ್ಷಿಸಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಮೊದಲು ಕಣ್ಣಿಗೆ ಏಟು ಬಿದ್ದಿತ್ತು. ರೋಗಾಣು ಪತ್ತೆಯಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬ್ಯಾಕ್ಟೀರಿಯಾ, ಅಷ್ಟೇ ಜನರಿಗೆ ಶಿಲೀಂಧ್ರ ಕಾರಣವಾಗಿತ್ತು.

ಶಿಲೀಂಧ್ರದ ಹುಣ್ಣಿನ ಮೋಸವೆಂದರೆ ಅದರ ನಿಧಾನ. ಮೊದಲ ಕೆಲವು ದಿನ ಸ್ವಲ್ಪ ಕೆಂಪು, ಸ್ವಲ್ಪ ನೋವು ಅಷ್ಟೇ. "ಇವತ್ತು ಇಳಿದೀತು, ನಾಳೆ ಇಳಿದೀತು" ಎಂದು ರೈತ ಹಂಗಾಮಿನ ಕೆಲಸ ಬಿಡುವುದಿಲ್ಲ. ಎರಡನೆಯ ವಾರದಲ್ಲಿ ಬಿಳಿ ಚುಕ್ಕೆ ಕಾಣುವಷ್ಟರಲ್ಲಿ ಬೇರು ಆಳಕ್ಕೆ ಇಳಿದಿರುತ್ತದೆ. ಆಗ ಶಿಲೀಂಧ್ರಕ್ಕೆಂದೇ ಇರುವ ನಾಟಮೈಸಿನ್‌ನಂಥ ಡ್ರಾಪ್ಸ್ ಅನ್ನು ಗಂಟೆಗೊಮ್ಮೆ, ವಾರಗಟ್ಟಲೆ ಹಾಕಬೇಕಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ದೃಷ್ಟಿ ಮಂಜಾಗುತ್ತದೆ. ಕೆಲವರಿಗೆ ದಾನವಾಗಿ ಬಂದ ಕಣ್ಣಿನ ಕಾರ್ನಿಯಾವನ್ನು ಕಸಿ ಮಾಡಬೇಕಾಗುತ್ತದೆ. ಇನ್ನು ಕೆಲವರು ಕಣ್ಣನ್ನೇ ಕಳೆದುಕೊಳ್ಳುತ್ತಾರೆ.

ಗುರುತಿಸುವುದು ಹೇಗೆ?

ಈ ಕೆಳಗಿನ ಲಕ್ಷಣಗಳಲ್ಲಿ ಒಂದೇ ಒಂದು ಇದ್ದರೂ ಅದನ್ನು ಬರೀ ಕಣ್ಣುಬೇನೆ ಎಂದು ಬಿಡಬೇಡಿ:

• ಕಣ್ಣಿಗೆ ಗರಿ, ಕಡ್ಡಿ, ಹೊಟ್ಟು, ಕಲ್ಲು, ಬಾಲ ಬಡಿದ ನೆನಪಿದೆ, ಆಮೇಲೆ ಕೆಂಪಾಗಿದೆ.
• ಒಂದೇ ಕಣ್ಣು ಕೆಂಪಾಗಿ ದಿನ ಕಳೆದರೂ ಇನ್ನೊಂದಕ್ಕೆ ಏನೂ ಆಗಿಲ್ಲ, ಮನೆಯಲ್ಲಿ ಬೇರೆ ಯಾರಿಗೂ ಬಂದಿಲ್ಲ.
• ತುರಿಕೆಗಿಂತ ನೋವು ಹೆಚ್ಚು.
• ಬೆಳಕು ನೋಡಲಾಗುವುದಿಲ್ಲ.
• ಗೀಜು ಒರೆಸಿದ ಮೇಲೂ ದೃಷ್ಟಿ ಮಂಜಾಗಿದೆ.
• ಕರಿಗುಡ್ಡೆಯ ಮೇಲೆ ಬಿಳಿ ಅಥವಾ ಬೂದು ಚುಕ್ಕೆ ಕಾಣುತ್ತದೆ.

ದೃಷ್ಟಿ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಚೆನ್ನಾಗಿರುವ ಕಣ್ಣನ್ನು ಅಂಗೈಯಿಂದ ಮುಚ್ಚಿ, ಕೆಂಪಾದ ಕಣ್ಣಿನಿಂದ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ನಿನ್ನೆ ಕಾಣುತ್ತಿದ್ದ ಅಂಕಿ ಇವತ್ತು ಕಾಣದಿದ್ದರೆ ಅದೇ ದಿನ ದವಾಖಾನೆಗೆ ಹೊರಡಿ.

ಹದಿನೆಂಟು ಗಂಟೆಯ ಮಹತ್ವ

ಕಣ್ಣಿಗೆ ಏಟು ಬಿದ್ದವರೆಲ್ಲ ಕಣ್ಣು ಕಳೆದುಕೊಳ್ಳಬೇಕಾಗಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ನೇಪಾಳದ ಭಕ್ತಪುರದಲ್ಲಿದೆ. ಅಲ್ಲಿಯ ಜನರೂ ನಮ್ಮ ಹಾಗೆ ಹೊಲದ ಕೆಲಸದವರೇ. ಸುಮಾರು 35,000 ಜನರಿರುವ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಎರಡು ವರ್ಷ ಕಾಲ ಕಣ್ಣಿಗೆ ಏಟು ಬಿದ್ದವರನ್ನು ಕೂಡಲೇ ನೋಡುವ ಏರ್ಪಾಡು ಮಾಡಿದರು. ಕಾರ್ನಿಯಾದ ಮೇಲೆ ಗೀರು ಬಿದ್ದಿದ್ದ 442 ಜನರಿಗೆ ಕ್ಲೋರಾಂಫೆನಿಕಾಲ್ ಎಂಬ ಸಾಮಾನ್ಯ ಆಂಟಿಬಯಾಟಿಕ್ ಮಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿದರು. 424 ಜನರಿಗೆ ಸೋಂಕಾಗದೆ ಗೀರು ಮಾಗಿತು. ಏಟು ಬಿದ್ದ 18 ಗಂಟೆಯೊಳಗೆ ಚಿಕಿತ್ಸೆ ಆರಂಭವಾದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಈ ಲೆಕ್ಕ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಗಮನಿಸಿ, ಅಲ್ಲಿ ಬಳಸಿದ್ದು ದುಬಾರಿ ಔಷಧಿಯಲ್ಲ. ಅಲ್ಲಿ ಕೆಲಸ ಮಾಡಿದ್ದು ಬೇಗ ಹೋಗಿ ತೋರಿಸಿದ್ದು. ಮುಂಜಾನೆ ಹತ್ತಕ್ಕೆ ಗರಿ ಬಡಿದರೆ ಮರುದಿನ ನಸುಕಿನ ನಾಲ್ಕಕ್ಕೆ ಹದಿನೆಂಟು ಗಂಟೆ ಮುಗಿಯುತ್ತದೆ. ಆದ್ದರಿಂದ "ನಾಳೆ ನೋಡೋಣ" ಎಂಬ ಮಾತು ಬೇಡ. ಅಂದೇ ಸಂಜೆಯೊಳಗೆ ಹೊರಡಿ.

ಏಟು ಬಿದ್ದ ಕೂಡಲೇ ಮಾಡಬೇಕಾದದ್ದು ಇಷ್ಟೇ: ಉಜ್ಜಬೇಡಿ. ಸ್ವಚ್ಛ ಕುಡಿಯುವ ನೀರಿನಿಂದ ಕಣ್ಣು ತೊಳೆದುಕೊಳ್ಳಿ. ಕಸ ಹೋಗದಿದ್ದರೆ ನಾಲಿಗೆಯಿಂದ, ಸೆರಗಿನ ತುದಿಯಿಂದ, ಕಡ್ಡಿಯಿಂದ ತೆಗೆಯಲು ಹೋಗಬೇಡಿ. ಏನಾದರೂ ಚುಚ್ಚಿಕೊಂಡು ನಿಂತಿದ್ದರೆ ತೊಳೆಯಲೂ ಬೇಡಿ, ಕೀಳಲೂ ಬೇಡಿ. ಕಣ್ಣಿನ ಮೇಲೆ ಒತ್ತಡ ಬೀಳದಂತೆ ಒಂದು ಸ್ವಚ್ಛ ಬಟ್ಟಲು ಮುಚ್ಚಿ ದವಾಖಾನೆಗೆ ಕರೆದೊಯ್ಯಿರಿ.

ಆ ಒಂದು ಸೀಸೆ

ಅಂಗಡಿಯಲ್ಲಿ ಚೀಟಿಯಿಲ್ಲದೆ ತಂದ ಡ್ರಾಪ್ಸ್‌ನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಕೂಡಿರುತ್ತದೆ. ಸೀಸೆಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರು ಇದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಿರಿ. ಓದಲು ಬರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ.

ಸ್ಟೀರಾಯ್ಡ್ ಹಾಕಿದ ಕೂಡಲೇ ಕೆಂಪು ಇಳಿಯುತ್ತದೆ, ನೋವು ಕಡಿಮೆಯಾಗುತ್ತದೆ. "ಭಾರಿ ಔಷಧ ಕೊಟ್ಟ" ಎಂದು ಅಂಗಡಿಯವನನ್ನು ಹೊಗಳುತ್ತೇವೆ. ಆದರೆ ಅದು ರೋಗಾಣುವನ್ನು ಕೊಂದಿಲ್ಲ. ರೋಗಾಣುವಿನ ವಿರುದ್ಧ ಹೋರಾಡುವ ನಮ್ಮ ಮೈಯ ಶಕ್ತಿಯನ್ನೇ ಅಲ್ಲಿ ಮಲಗಿಸಿದೆ. ಹೊಲ ಕಾಯುವ ನಾಯಿಗೆ ನಿದ್ದೆ ಬರಿಸಿದರೆ ಬೊಗಳುವುದು ನಿಲ್ಲುತ್ತದೆ, ಕಳ್ಳ ಹೋಗುವುದಿಲ್ಲ. ಕಾರ್ನಿಯಾದ ಹುಣ್ಣಿಗೆ ಶಿಲೀಂಧ್ರವೋ, ಹರ್ಪಿಸ್ ಎಂಬ ವೈರಸ್ಸೋ ಕಾರಣವಾಗಿದ್ದರೆ ಸ್ಟೀರಾಯ್ಡ್‌ನಿಂದ ಅದು ಇನ್ನೂ ಬೇಗ ಹಬ್ಬುತ್ತದೆ. ತಿಂಗಳುಗಟ್ಟಲೆ ಹಾಕಿಕೊಂಡವರಿಗೆ ಕಣ್ಣಿನ ಒಳಗಿನ ಒತ್ತಡ ಏರಿ ಕಾಚಬಿಂದು, ಅಂದರೆ ಗ್ಲಾಕೋಮಾ ಬರಬಹುದು. ಮೋತಿಬಿಂದುವೂ ಬೇಗ ಬರಬಹುದು. ವರ್ಷವರ್ಷವೂ ಕಣ್ಣು ತುರಿಸುವ ಮಕ್ಕಳಿಗೆ ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಇದನ್ನೇ ತರುವ ಪಾಲಕರು ವಿಶೇಷ ಎಚ್ಚರ ವಹಿಸಬೇಕು.

ಸ್ಟೀರಾಯ್ಡ್ ಕೆಟ್ಟ ಔಷಧಿ ಎಂದು ಇದರ ಅರ್ಥವಲ್ಲ. ಕೆಲವು ರೋಗಗಳಿಗೆ ಕಣ್ಣಿನ ಡಾಕ್ಟರರು ತಾವೇ ನೋಡಿ ಬರೆದುಕೊಡುತ್ತಾರೆ. ಆಗ ಅವರು ಹೇಳಿದಷ್ಟು ದಿನ, ಹೇಳಿದ ಕ್ರಮದಲ್ಲಿ ಹಾಕಿ. ನಮ್ಮ ಮನಸ್ಸಿಗೆ ಬಂದಂತೆ ಹಾಕುವುದೂ ತಪ್ಪು, ನಡುವೆ ಬಿಡುವುದೂ ತಪ್ಪು.

ಔಷಧ ಸಿಂಪಡಣೆ ಮತ್ತು ಸುಣ್ಣ

ದ್ರಾಕ್ಷಿ, ದಾಳಿಂಬೆ, ತೊಗರಿಗೆ ಔಷಧ ಹೊಡೆಯುವಾಗ ಕಣ್ಣಿಗೆ ಸಿಡಿದರೆ ಮೊದಲ ಔಷಧಿ ನೀರೇ. ಬಾವಿ ಪಂಪಿನ ನೀರಾಗಲಿ, ಬಿಂದಿಗೆಯ ನೀರಾಗಲಿ, ರೆಪ್ಪೆ ಅಗಲಿಸಿ ಹಿಡಿದು ಕನಿಷ್ಠ 15ರಿಂದ 20 ನಿಮಿಷ ಬಿಡದೆ ತೊಳೆಯಿರಿ. ತೊಳೆದ ಮೇಲೆ ದವಾಖಾನೆಗೆ ಹೊರಡಿ, ಔಷಧದ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ತಂಬಾಕಿನ ಜೊತೆ ತಿನ್ನುವ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಗದಂತೆ ಇಡಿ. ಮಕ್ಕಳು ಅದನ್ನು ಹಿಚುಕಿ ಆಡುವಾಗ ಸುಣ್ಣ ಚಿಮ್ಮಿ ಕಣ್ಣಿಗೆ ಬೀಳುತ್ತದೆ. ಸುಣ್ಣ ಕಾರ್ನಿಯಾವನ್ನು ಸುಡುತ್ತ ಒಳಕ್ಕೆ ಇಳಿಯುತ್ತದೆ. ಹಾಗೆ ಬಿದ್ದರೆ ಸುಣ್ಣದ ಕಣಗಳನ್ನು ಒದ್ದೆ ಬಟ್ಟೆಯಿಂದ ತೆಗೆದು, ಅರ್ಧ ಗಂಟೆ ನೀರು ಹೊಯ್ದು, ಕೂಡಲೇ ಕಣ್ಣಿನ ಡಾಕ್ಟರರಿಗೆ ತೋರಿಸಿ.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು?

ಊರಿನ ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮೊದಲು ತಿಳಿಸಿ. ಅಕ್ಕಲಕೋಟದಲ್ಲಿ ಗ್ರಾಮೀಣ ರುಗ್ಣಾಲಯವಿದೆ. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಸೊಲ್ಲಾಪುರದಲ್ಲಿ ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ಸಿವಿಲ್ ದವಾಖಾನೆ ಇದೆ. ಕಾರ್ನಿಯಾದ ಹುಣ್ಣಿನ ಸಂದೇಹವಿದ್ದರೆ ಹುಣ್ಣನ್ನು ಸ್ವಲ್ಪ ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಔಷಧಿ ಕೊಡುವ ವ್ಯವಸ್ಥೆ ಇರುವ ದೊಡ್ಡ ದವಾಖಾನೆಗೇ ಹೋಗುವುದು ಕ್ಷೇಮ.

ನಮ್ಮ ಎಷ್ಟೋ ಹಿರಿಯರಿಗೆ ಮರಾಠಿ ಅಷ್ಟಾಗಿ ಬಾರದು. ಚೀಟಿ ಮಾಡಿಸುವ ಕಿಟಕಿಯಲ್ಲಿ ಗೊತ್ತಿರುವ ಎರಡು ಮಾತು, "ಡೋಳೆ ಆಲೇತ," ಎಂದು ಹೇಳಿಬಿಡುತ್ತಾರೆ. ಅಷ್ಟಕ್ಕೇ ಅವರ ರೋಗ ಸಾಮಾನ್ಯ ಕಣ್ಣುಬೇನೆಯ ಸಾಲಿಗೆ ಸೇರಿಬಿಡಬಹುದು. ಹಾಗೆ ಹೇಳಬೇಡಿ. "ಡೋಳ್ಯಾಲಾ ಉಸಾಚಂ ಪಾನ ಲಾಗಲಂ," ಅಂದರೆ ಕಣ್ಣಿಗೆ ಕಬ್ಬಿನ ಗರಿ ಬಡಿದಿದೆ ಎಂದು ಹೇಳಿ. ಕಡ್ಡಿ ಬಿದ್ದಿದ್ದರೆ "ಡೋಳ್ಯಾತ ಕಾಡಿ ಗೇಲಿ" ಎನ್ನಿ. ಯಾವತ್ತು, ಎಷ್ಟು ಹೊತ್ತಿಗೆ ಬಡಿಯಿತು, ಅಲ್ಲಿಂದ ಇಲ್ಲಿಗೆ ಏನೇನು ಹಾಕಿದ್ದೀರಿ ಎಂಬುದನ್ನು ಮುಚ್ಚಿಡದೆ ತಿಳಿಸಿ. ಹಾಕಿದ ಸೀಸೆಯನ್ನು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಹರಳೆಣ್ಣೆ ಹಾಕಿದ್ದರೂ ನಾಚಿಕೆ ಬೇಡ, ಹೇಳಿ.

ಕೆಲವು ಪ್ರಶ್ನೆಗಳು

ಕಪ್ಪು ಕನ್ನಡಕ ಹಾಕಿದರೆ ಬೇರೆಯವರಿಗೆ ಹರಡುವುದಿಲ್ಲವೇ?
ಕನ್ನಡಕದಿಂದ ರೋಗಿಗೆ ಬಿಸಿಲು ಚುಚ್ಚುವುದಿಲ್ಲ, ಕೈ ಕಣ್ಣಿಗೆ ಹೋಗುವುದೂ ಕಡಿಮೆಯಾಗುತ್ತದೆ. ಹರಡುವುದನ್ನು ತಡೆಯುವುದು ಕೈ ತೊಳೆಯುವುದೇ.

ಆಕಳಿಗೂ ಕಣ್ಣುಬೇನೆ ಬಂದಿದೆ. ಅದರಿಂದ ನಮಗೆ ಬರುತ್ತದೆಯೇ?
ದನಗಳ ಕಣ್ಣುಬೇನೆಯ ರೋಗಾಣು ಸಾಮಾನ್ಯವಾಗಿ ಬೇರೆಯದು, ನೊಣಗಳಿಂದ ದನದಿಂದ ದನಕ್ಕೆ ಹರಡುತ್ತದೆ. ಆದರೂ ಮುಟ್ಟಿದ ಮೇಲೆ ಕೈ ತೊಳೆಯಿರಿ. ದನದ ಡಾಕ್ಟರರು ಕೊಟ್ಟ ಮಲಾಮನ್ನು ಮನುಷ್ಯರ ಕಣ್ಣಿಗೆ ಹಚ್ಚಬೇಡಿ.

ಹೊಲದಲ್ಲಿ ಕನ್ನಡಕ ಹಾಕಿದರೆ ಜನ ನಗುವುದಿಲ್ಲವೇ?
ನಗಬಹುದು. ಎರಡು ದಿನ ನಕ್ಕು ಮೂರನೆಯ ದಿನ ಅವರೇ ಬೆಲೆ ಕೇಳುತ್ತಾರೆ. ಬಿಳಿ ಗಾಜಿನ ಅಗ್ಗದ ಪ್ಲಾಸ್ಟಿಕ್ ಕನ್ನಡಕವಾದರೂ ಸರಿ. ಕಬ್ಬು ಕಡಿಯುವಾಗ, ರಾಶಿ ಮಾಡುವಾಗ, ಔಷಧ ಹೊಡೆಯುವಾಗ ಇರಲಿ. ಆಳುಗಳಿಗೂ ಒಂದೊಂದು ತಂದುಕೊಡಿ. ಕೂಲಿಗೆ ಬಂದವರಿಗೂ ಇರುವುದು ಎರಡೇ ಕಣ್ಣು.

ಕೊನೆಯ ಮಾತು

ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಟ್ರಕೋಮಾ ಎಂಬ ಕಣ್ಣಿನ ಸೋಂಕು ಲಕ್ಷಾಂತರ ಜನರನ್ನು ಕುರುಡರನ್ನಾಗಿ ಮಾಡುತ್ತಿತ್ತು. ಮುಖ ತೊಳೆಯುವುದು, ನೊಣ ಕೂಡದಂತೆ ಮನೆಯ ಸುತ್ತ ಶುಚಿಯಾಗಿಡುವುದು, ಸಮಯಕ್ಕೆ ಔಷಧಿ, ಇವುಗಳಿಂದ ಅದು ಹಿಂದೆ ಸರಿಯಿತು. ಟ್ರಕೋಮಾ ಭಾರತದಲ್ಲಿ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಘೋಷಿಸಿತು. ಅಷ್ಟು ದೊಡ್ಡ ರೋಗವನ್ನು ಓಡಿಸಿದ ನೀರು, ಸಾಬೂನು, ಸಮಯಪ್ರಜ್ಞೆ ಪ್ರತಿ ಮನೆಯಲ್ಲೂ ಇವೆ.

ಆದ್ದರಿಂದ ಎರಡು ಮಾತು ನೆನಪಿಡಿ. ಕಣ್ಣು ಬಂದದ್ದಾದರೆ ಮನೆಯಲ್ಲಿರಿ, ಕೈ ತೊಳೆಯಿರಿ, ತಾಳ್ಮೆಯಿಂದಿರಿ. ಕಣ್ಣಿಗೆ ಬಡಿದದ್ದಾದರೆ ಕುಡುಗೋಲು ಕೆಳಗಿಟ್ಟು ಅಂದೇ ಹೊರಡಿ. ಹೊಲದ ಕೆಲಸ ಒಂದು ದಿನ ತಡವಾದರೆ ಕಳೆದುಹೋಗುವುದು ಒಂದು ದಿನದ ಕೂಲಿ ಮಾತ್ರ. ಕಣ್ಣಿಗೆ ಒಂದು ದಿನ ತಡವಾದರೆ ಕಳೆದುಹೋದದ್ದನ್ನು ಯಾವ ಸುಗ್ಗಿಯೂ ತುಂಬಿಕೊಡಲಾರದು.

ಈ ಪುಟವನ್ನು ಓದಿದ ಮೇಲೆ ಓದಲು ಬಾರದ ಹಿರಿಯರಿಗೂ ಓದಿ ಹೇಳಿ. ನಾಳೆ ಕಬ್ಬಿನ ಹೊಲಕ್ಕೆ ಇಳಿಯುವವರು ಬಹುಶಃ ಅವರೇ.